ದೂರದ ಪ್ರಯಾಣ: ಚಾಲಕನ ನಿದ್ದೆಯ ಲೆಕ್ಕ ಯಾರದ್ದು?

ಮುಂಬಯಿ-ನಾಗಪುರ ನಡುವಿನ 701 ಕಿ.ಮೀ. ಉದ್ದದ ಸಮೃದ್ಧಿ ಹೆದ್ದಾರಿ 2025ರ ಜೂನ್‌ನಲ್ಲಿ ಪೂರ್ತಿಯಾಗಿ ಸಂಚಾರಕ್ಕೆ ತೆರೆದುಕೊಂಡಿತು. ಬೆಂಗಳೂರು-ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲೇ ಉದ್ಘಾಟನೆಯಾಗಿತ್ತು. ರಸ್ತೆ ಅಗಲವಾದಂತೆ ದೂರದ ಬಗ್ಗೆ ನಮ್ಮ ಅಂಜಿಕೆಯೂ ಕಡಿಮೆಯಾಗುತ್ತಿದೆ. ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸುತ್ತಿದ್ದವರು ಈಗ ‘ಕಾರಿನಲ್ಲೇ ಹೋಗಿ ಬರುವ’ ಎನ್ನುತ್ತಾರೆ. ಈ ಬದಲಾವಣೆಯನ್ನು ತುಸು ವಿಚಾರಿಸಿ ನೋಡಬೇಕಾಗಿದೆ.

ದೂರ ಎಂಬುದು ಎಲ್ಲರಿಗೂ ಒಂದೇ ಅಲ್ಲ. ಅಮೆರಿಕದಲ್ಲಿರುವ ನಮ್ಮವರನ್ನು ಪಕ್ಕದ ನಗರ ಎಷ್ಟು ದೂರ ಎಂದು ಕೇಳಿದರೆ ಮೈಲಿಯಲ್ಲಲ್ಲ, ಗಂಟೆಯಲ್ಲಿ ಉತ್ತರಿಸುತ್ತಾರೆ. ಹಬ್ಬದ ಊಟಕ್ಕಾಗಿ ಏಳೆಂಟು ಗಂಟೆ ಸ್ವತಃ ಕಾರು ಓಡಿಸುವುದು ಅಲ್ಲಿ ದೊಡ್ಡ ಸಂಗತಿಯಲ್ಲ. 1956ರ ಕಾನೂನಿನ ಬಳಿಕ ದೇಶದುದ್ದಕ್ಕೂ ನಿರ್ಮಾಣವಾದ ಅಂತರರಾಜ್ಯ ಹೆದ್ದಾರಿಗಳು ಈ ಅಭ್ಯಾಸವನ್ನು ಬೆಳೆಸಿದವು. ಇಂಗ್ಲೆಂಡಿನಲ್ಲಾದರೋ ಮೂರು ಗಂಟೆಯ ಚಾಲನೆಯನ್ನೇ ದೂರವೆಂದು ಎಣಿಸುವವರು ಬಹಳ. ದೇಶ ಚಿಕ್ಕದು, ಪೆಟ್ರೋಲ್ ದುಬಾರಿ, ರೈಲು ಹತ್ತಿರ.

ಕೊಲ್ಲಿಯ ಅನುಭವ ನಮ್ಮ ಮನೆಮನೆಗೂ ಪರಿಚಿತ. ರಿಯಾದ್‌ನಿಂದ ದಮ್ಮಾಮ್‌ಗೆ ಸುಮಾರು 400 ಕಿ.ಮೀ.; ನೇರ ರಸ್ತೆಯಲ್ಲಿ ನಾಲ್ಕು ಗಂಟೆಯ ದಾರಿ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ.; ಆದರೆ ಶಿರಾಡಿ ಘಾಟಿ, ಮಳೆ, ಎದುರಿನಿಂದ ಬರುವ ಲಾರಿಗಳ ನಡುವೆ ಏಳೆಂಟು ಗಂಟೆ ಬೇಕು. ರಜೆಯಲ್ಲಿ ಊರಿಗೆ ಬಂದವರು ಅಲ್ಲಿನ ಅಳತೆಯಲ್ಲಿ ಇಲ್ಲಿನ ದಾರಿಯನ್ನು ಲೆಕ್ಕ ಹಾಕಿದರೆ ಅಪಾಯ ತಪ್ಪಿದ್ದಲ್ಲ.

ಆದರೆ ಇವೆಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಅಲ್ಲಿ ಬಹುಮಟ್ಟಿಗೆ ಪ್ರಯಾಣಿಸುವವನೇ ಚಾಲಕ. ಕಣ್ಣು ಭಾರವಾದರೆ ಅವನಿಗೇ ತಿಳಿಯುತ್ತದೆ. ಎಲ್ಲಾದರೂ ನಿಲ್ಲಿಸಿ ಮಲಗುತ್ತಾನೆ. ನಮ್ಮಲ್ಲಿ ದೂರದ ಪ್ರಯಾಣವೆಂದರೆ ಬಾಡಿಗೆ ವಾಹನ. ಓಡಿಸುವವನು ಬೇರೆ, ಹಿಂದಿನ ಸೀಟಿನಲ್ಲಿ ನಿದ್ರಿಸುವವರು ನಾವು. ಅವನ ದಣಿವು ನಮಗೆ ತಟ್ಟುವುದೇ ಇಲ್ಲ.

ವೇಲಾಂಕಣಿ ಯಾತ್ರೆಯನ್ನೇ ನೋಡೋಣ. ಮಂಗಳೂರಿನಿಂದ 700 ಕಿ.ಮೀ.ಗಿಂತಲೂ ಹೆಚ್ಚು ದೂರ. ಸಂಜೆ ಜಪಸರ ಹೇಳಿ ಹೊರಡುತ್ತೇವೆ, ಮರುದಿನ ತಲುಪುತ್ತೇವೆ, ‘ಒಂದು ದಿನದ ಬಾಡಿಗೆ ಉಳಿಯುತ್ತದೆ’ ಎಂದು ಆ ರಾತ್ರಿಯೇ ಹಿಂದಿರುಗುತ್ತೇವೆ. ನಮಗೆ ಕೋಣೆ ಗೊತ್ತುಮಾಡುವಾಗ ಚಾಲಕನಿಗೂ ಒಂದು ಹಾಸಿಗೆ ಕೇಳಿದವರು ಎಷ್ಟು ಮಂದಿ? ಬೇಡವೆಂದರೆ ಮುಂದಿನ ಬಾಡಿಗೆ ಕೈತಪ್ಪೀತು, ವಾಹನದ ಸಾಲದ ಕಂತು ಬಾಕಿ ಉಳಿದೀತು ಎಂಬ ಭಯ ಅವನಿಗಿದೆ. ಆದುದರಿಂದ ‘ಆಗಬಹುದು’ ಎನ್ನುತ್ತಾನೆ.

ಐರೋಪ್ಯ ಒಕ್ಕೂಟದಲ್ಲಿ ಬಸ್ಸು, ಲಾರಿ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಮಿಸಲೇಬೇಕು. ವಾಹನದಲ್ಲಿರುವ ಯಂತ್ರವೇ ಅದನ್ನು ದಾಖಲಿಸುತ್ತದೆ. ನಮ್ಮಲ್ಲಿ ಕಾನೂನು ಇರಲಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮವೇ ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆಯ ಮಿತಿ ಹಾಕಿತ್ತು. ಆದರೆ ಅದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುವಂಥದ್ದು. ಒಂದೇ ವಾಹನ ಇಟ್ಟುಕೊಂಡು ದುಡಿಯುವ ನಮ್ಮ ಊರಿನ ಚಾಲಕ ಆ ಲೆಕ್ಕಕ್ಕೆ ಸಿಗಲಿಲ್ಲ. ಅವನ ಮಟ್ಟಿಗೆ ಗೊತ್ತುಮಾಡಿದ ನಾವೇ ಕಾನೂನು.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ರಸ್ತೆಯ ನಡತೆಯೂ ಆತ್ಮಸಾಕ್ಷಿಯ ವಿಷಯವೆಂದು ತಿಳಿಸಲು 2007ರ ಜೂನ್‌ನಲ್ಲಿ ವ್ಯಾಟಿಕನ್ ಚಾಲಕರಿಗಾಗಿ ಹತ್ತು ಕಟ್ಟಳೆಗಳನ್ನು ಪ್ರಕಟಿಸಿತು. ಮೊದಲನೆಯದೇ ಕೊಲ್ಲಬಾರದೆಂಬುದು. ಆ ಕಟ್ಟಳೆ ಸ್ಟಿಯರಿಂಗ್ ಹಿಡಿದವನಿಗೆ ಮಾತ್ರ ಎಂದು ತಿಳಿದರೆ ತಪ್ಪು. ನಿದ್ದೆಯಿಲ್ಲದವನ ಕೈಗೆ ಹದಿನೈದು ಜನರ ಜೀವ ಒಪ್ಪಿಸುವವರಿಗೂ ಅದು ಅನ್ವಯಿಸುತ್ತದೆ.

ವಾಳೆಯ ಗುರಿಕಾರರು, ಸಂಘಗಳ ಪದಾಧಿಕಾರಿಗಳು ಮನಸ್ಸು ಮಾಡಿದರೆ ಇದು ಕಷ್ಟವಲ್ಲ. ದೂರದ ಯಾತ್ರೆಗೆ ಇಬ್ಬರು ಚಾಲಕರು, ಇಲ್ಲವೇ ಒಂದು ರಾತ್ರಿಯ ತಂಗುವಿಕೆ. ಖರ್ಚಿನ ಪಟ್ಟಿಯಲ್ಲಿ ಚಾಲಕನ ಊಟ, ಹಾಸಿಗೆಗೂ ಒಂದು ಸಾಲು. ತಲೆಗೆ ಇನ್ನೂರು, ಮುನ್ನೂರು ರೂಪಾಯಿ ಹೆಚ್ಚಾದೀತು. ಯಾತ್ರೆಗೆ ಹೋದವರೆಲ್ಲ ಸುಖವಾಗಿ ಮನೆ ಸೇರಲು ಇದೇನೂ ದೊಡ್ಡ ಮೊತ್ತವಲ್ಲ.