ಶಾನನ್ನು ಬೀಳಿಸಿದ್ದು ಬರೀ ಕ್ಯಾಸೆಟ್ ಅಲ್ಲ

ಇರಾನಿನ ಶಾ ಬಿದ್ದದ್ದು ಖೊಮೇನಿಯವರ ಕ್ಯಾಸೆಟ್ ಭಾಷಣದಿಂದ ಎಂದು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಭಾಷಣ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅಂಗಡಿಯವನ ಮಗನಾದ ನನಗೆ ಮೊದಲು ಕಾಣುವುದು 1975.

ತೈಲದ ದುಡ್ಡು ಹೊಳೆಯಂತೆ ಬಂತು, ಸಾಮಾನಿನ ಬೆಲೆ ಏರಿತು. ಶಾ ತನ್ನ ಲೆಕ್ಕ ತಪ್ಪಿದ್ದನ್ನು ಒಪ್ಪದೆ ವ್ಯಾಪಾರಿಗಳ ತಲೆಗೆ ಕಟ್ಟಿದ. ಬೆಲೆ ತಪಾಸಣೆಗೆಂದು ವಿದ್ಯಾರ್ಥಿಗಳ ದಂಡನ್ನೇ ಬಜಾರಿಗೆ ನುಗ್ಗಿಸಿದ. ಸಾವಿರಾರು ಅಂಗಡಿಯವರಿಗೆ ದಂಡ, ಜೈಲು. (ತಕ್ಕಡಿ ನೋಡಲು ಸಾಹೇಬರು ಬಂದರೆ ಉಪ್ಪನ ಮುಖ ಬಾಡುತ್ತಿದ್ದುದನ್ನು ಕಂಡವನು ನಾನು.) 1978ರಲ್ಲಿ ಅದೇ ಬಜಾರು ಶಟರ್ ಎಳೆಯಿತು, ಮುಷ್ಕರದವರಿಗೆ ದುಡ್ಡು ಕೊಟ್ಟಿತು. ತೈಲ ಕಾರ್ಮಿಕರು ವಾಲ್ವ್ ಮುಚ್ಚಿದರು. ಟ್ಯಾಂಕು, ಸವಾಕ್ ಎಲ್ಲ ಇದ್ದೂ 1979ರ ಜನವರಿ 16ರಂದು ಶಾ ವಿಮಾನ ಹತ್ತಿದ.

ಹಾಗೆಂದು ಆಮೇಲಿನದ್ದನ್ನೆಲ್ಲ ಹೊಗಳುವುದೂ ಬೇಡ. ಶಾನ ವಿರುದ್ಧ ಬೀದಿಗಿಳಿದಿದ್ದ ಹೆಂಗಸರು ಅದೇ ಮಾರ್ಚ್ 8ರಂದು ಕಡ್ಡಾಯ ಹಿಜಾಬಿನ ವಿರುದ್ಧ ಮತ್ತೆ ಇಳಿಯಬೇಕಾಯಿತು. ಜೊತೆಗೆ ಹೋರಾಡಿದ ಎಡಪಂಥೀಯರೇ ಜೈಲು ಸೇರಿದರು. 1988ರಲ್ಲಿ ಸಾವಿರಾರು ರಾಜಕೀಯ ಕೈದಿಗಳನ್ನು ಕೊಂದರು. ಕ್ರಾಂತಿ, ಕ್ರಾಂತಿ ಎಂದು ಬಾಯಿ ತುಂಬ ಹೇಳುವ ಕಾಕಾಗಳೇ, ಈ ಸಾಲವನ್ನು ಯಾರ ಪಟ್ಟಿಗೆ ಬರೆಯುತ್ತೀರಿ?