ಸರ್ಟಿಫಿಕೇಟ್ ಇದ್ದರೆ ಬಿರುಕು ಕಾಣುತ್ತದಾ?

2017ರ ಜುಲೈ 10ರಂದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಮೇಲೆ ಹಾರುತ್ತಿದ್ದ ಕೆಸಿ-130ಟಿ ಸೇನಾ ವಿಮಾನದ ಪ್ರೊಪೆಲ್ಲರ್ ಬ್ಲೇಡೊಂದು ಕಿತ್ತುಬಂದು ವಿಮಾನದ ಒಡಲನ್ನೇ ಸೀಳಿತು. ಒಳಗಿದ್ದ 16 ಮಂದಿಯೂ ಸತ್ತರು. ಆ ಬ್ಲೇಡ್ 2011ರಲ್ಲಿ ವಾರ್ನರ್ ರಾಬಿನ್ಸ್‌ನ ವಾಯುಪಡೆ ವರ್ಕ್‌ಶಾಪಿಗೆ ರಿಪೇರಿಗೆ ಬಂದಿತ್ತು. ಅದಕ್ಕೆ ಹಿಡಿದಿದ್ದ ತುಕ್ಕನ್ನು ಅಲ್ಲಿ ಪೂರ್ತಿ ತೆಗೆಯದೆ ಬಿಟ್ಟಿದ್ದರೆಂದು ತನಿಖೆ ಹೇಳಿತು. ಆ ತುಕ್ಕೇ ಮುಂದೆ ಬಿರುಕಾಯಿತು.

ಅಲ್ಲಿ ಯಂತ್ರಕ್ಕೆ ಬರ ಇರಲಿಲ್ಲ. ಬಿರುಕು ಹುಡುಕಲು ಎಡ್ಡಿ ಕರೆಂಟ್ ಉಂಟು, ಹೊಳೆಯುವ ದ್ರವ ಹಚ್ಚಿ ನೇರಳಾತೀತ ಬೆಳಕಲ್ಲಿ ನೋಡುವ ಕ್ರಮವೂ ಉಂಟು. ಆದರೆ ಯಂತ್ರ ಹಿಡಿದ ಕೈ ಸ್ವಲ್ಪ ವಾಲಿದರೆ, ಅವಸರ ಮಾಡಿದರೆ ಬಿರುಕು ತಪ್ಪಿಹೋಗುತ್ತದೆ. 1970ರ ದಶಕದಲ್ಲೇ ಅಮೆರಿಕದ ವಾಯುಪಡೆ ಬಿರುಕು ಇದ್ದ ವಿಮಾನದ ಭಾಗಗಳನ್ನು ನೆಲೆಯಿಂದ ನೆಲೆಗೆ ಒಯ್ದು ತನ್ನ ತಂತ್ರಜ್ಞರನ್ನು ಪರೀಕ್ಷಿಸಿತ್ತು. ಒಬ್ಬ ಹಿಡಿದದ್ದು ಇನ್ನೊಬ್ಬನಿಗೆ ಕಾಣಲೇ ಇಲ್ಲ.

ನಮಗೆ ಕಾಣುವ ಕಾರಣ ಇದು: ದಿನವಿಡೀ ನೋಡುವ ಭಾಗಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇರುತ್ತವೆ. ತಿಂಗಳುಗಟ್ಟಲೆ ಬಿರುಕೇ ಸಿಗದವನ ಕಣ್ಣು ಮಂಕಾಗದೆ ಇರುತ್ತದಾ? ವರ್ಷಕ್ಕೊಮ್ಮೆ ತರಗತಿ ನಡೆಸಿ ಹಾಜರಿ ಹಾಕಿದರೆ ಇದು ಸರಿಹೋಗುವುದಿಲ್ಲ. ಬಾಯಿಪಾಠ ಒಪ್ಪಿಸಿದ ಹುಡುಗನಿಗೆ ನಡುವಿನಿಂದ ಒಂದು ಸಾಲು ಕೇಳಿದರೆ ತಡವರಿಸುತ್ತಾನೆ, ಪಾಠ ಹೇಳುವ ನಮಗೆ ಇದು ದಿನನಿತ್ಯದ ಅನುಭವ. ಹಾಗಾಗಿ ದಿನದ ಕೆಲಸದ ನಡುವೆಯೇ, ಹೇಳದೆ ಕೇಳದೆ, ಬಿರುಕು ಇರುವ ಒಂದು ಮಾದರಿ ತುಂಡನ್ನು ಸೇರಿಸಿಡಬೇಕು. ತಪ್ಪಿಸಿಕೊಂಡವನಿಗೆ ಅದೇ ಸಂಜೆ ತೋರಿಸಿ, ಕೈ ಎಲ್ಲಿ ವಾಲಿತು ಎಂದು ಹೇಳಬೇಕು.

ಹಾಗೆ ಮಾಡಿದರೆ ತಂತ್ರಜ್ಞನಿಗೆ ಅವಮಾನ ಅಲ್ವಾ ಎಂದು ಕೇಳಬಹುದು. ಆ ಅಂಕವನ್ನು ಬಡ್ತಿಗೋ ಶಿಕ್ಷೆಗೋ ಜೋಡಿಸಿದರೆ ಹೌದು. ಆಗ ಅವನು ಹೆದರಿ ಎಲ್ಲವನ್ನೂ ಬಿರುಕು ಅಂತ ಬರೆಯುತ್ತಾನೆ, ಸರಿಯಿದ್ದ ವಿಮಾನವನ್ನೂ ಬಿಚ್ಚಬೇಕಾಗುತ್ತದೆ. ಅಂಕ ಕಲಿಸುವವನ ಪುಸ್ತಕದಲ್ಲೇ ಇರಲಿ.

ವಾಯುಪಡೆಯ ಕೆಲಸ ಎಂದರೆ ಪೈಲಟ್ ಮಾತ್ರ ಎಂದು ನಮ್ಮ ಎಷ್ಟೋ ಮನೆಗಳಲ್ಲಿ ತಿಳಿದಿದ್ದಾರೆ. ಡಿಪ್ಲೊಮಾ, ಪಿಯುಸಿ ಮುಗಿಸಿದ ಹುಡುಗರು ಬೆಳಗಾವಿಯ ಸಾಂಬ್ರಾದಲ್ಲಿ ತರಬೇತಿ ಪಡೆದು ತಾಂತ್ರಿಕ ವಿಭಾಗಕ್ಕೂ ಹೋಗುತ್ತಾರೆ. ಅಂಥವರು ರಜೆಗೆ ಬಂದಾಗ ಸಂಬಳ ಎಷ್ಟು ಅಂತ ಎಲ್ಲರೂ ಕೇಳುತ್ತೇವೆ. ಕೊನೆಯ ಸಲ ಬಿರುಕು ಹುಡುಕಿದ್ದು ಯಾವಾಗ, ಹೇಗೆ ಕಾಣ್ತು ಅಂತಲೂ ಕೇಳಿ ನೋಡಿ.