ಆಕಾಶಕ್ಕೆ ಒಡ್ಡಿದ ತಂತಿಬಲೆ

ನಮ್ಮ ವಾಚಕ ಸೋದರಿಯೊಬ್ಬರು ಬರೆದಿರುವ ಕಾಗದದಲ್ಲಿ ಒಂದು ಸಂದೇಹವನ್ನು ಮುಂದಿಟ್ಟಿರುವರು. ಬೆಂಗಳೂರಿನಿಂದ ಸುಮಾರು ೪೦ ಕಿಲೋಮೀಟರ್ ದೂರದ ಬ್ಯಾಲಾಳಿನಲ್ಲಿ ಇಸ್ರೋ ಸಂಸ್ಥೆಯವರು ನಿಲ್ಲಿಸಿರುವ ಆಂಟೆನಾ ೩೨ ಮೀಟರ್ ಅಗಲದ್ದು. ಅವರ ಮನೆಯ ಮಾಳಿಗೆಯ ಮೇಲಿರುವ ತಟ್ಟೆಯಾದರೋ ೬೦ ಸೆಂಟಿಮೀಟರಿನದು. ಎರಡೂ ಆಕಾಶದ ಮಾತನ್ನು ಕೇಳುವ ಕಿವಿಗಳೇ ಆದ ಪಕ್ಷದಲ್ಲಿ, ದೊಡ್ಡದನ್ನು ಕಟ್ಟಿದವರು ದುಂದು ಮಾಡಿದರೆ, ಇಲ್ಲವೆ ಚಿಕ್ಕದನ್ನು ಮಾರಿದವರು ನಮ್ಮನ್ನು ವಂಚಿಸಿದರೆ, ಎಂಬುದು ಅವರ ಪ್ರಶ್ನೆ. ಸಂಸಾರದ ಆಯವ್ಯಯವನ್ನು ಕಂಡವರು ಮಾತ್ರ ಕೇಳಬಲ್ಲ ಪ್ರಶ್ನೆ ಇದು. ಉತ್ತರವು ಒಂದೇ ಮಾತಿನಲ್ಲಿ ಮುಗಿಯುವಂಥದಲ್ಲ.

ಮೊದಲು ತಟ್ಟೆಯ ಆಕಾರವನ್ನು ನೋಡೋಣ. ಇದರ ಬಾಗು ಬಾಣಲೆಯ ಬಾಗಲ್ಲ. ಗಣಿತಜ್ಞರು ಪರವಲಯವೆಂದು ಕರೆಯುವ ಬಾಗು. ಅತಿ ದೂರದಿಂದ ಸಮಾಂತರವಾಗಿ ಬಂದು ಬೀಳುವ ಕಿರಣಗಳೆಲ್ಲವೂ ಇದರಿಂದ ಪುಟಿದು ನಾಭಿಯೆಂಬ ಒಂದೇ ಬಿಂದುವಿನಲ್ಲಿ ಕೂಡುವುವು. ಅಷ್ಟೇ ಅಲ್ಲ, ಒಂದೊಂದು ಕಿರಣವೂ ನಡೆದ ದಾರಿಯ ಒಟ್ಟು ಉದ್ದವು ಸಮವಾಗಿರುವ ಕಾರಣ, ಅಲೆಗಳು ಹೆಜ್ಜೆ ತಪ್ಪದೆ ಬಂದು ಸೇರಿ ಒಂದನ್ನೊಂದು ಬಲಪಡಿಸುವುವು. ತಟ್ಟೆಯಲ್ಲಿ ಎಲ್ಲಿಯಾದರೂ ನೆಗ್ಗು ಬಿದ್ದರೆ ಅಲ್ಲಿಯ ಅಲೆ ಹಿಂದೆ ಬೀಳುವುದು. ಆದರೆ ಎಷ್ಟು ನೆಗ್ಗು ಸಲ್ಲುವುದು, ಎಷ್ಟು ಸಲ್ಲದು? ಅಲೆಯ ಉದ್ದದ ಹದಿನಾರನೆಯ ಒಂದು ಪಾಲಿನೊಳಗಿನ ಓರೆಕೋರೆಗಳನ್ನು ಸಾಮಾನ್ಯವಾಗಿ ಸಹಿಸಬಹುದು. ಅಲೆಯು ಉದ್ದವಾದರೆ ತಟ್ಟೆ ಒರಟಾದರೂ ನಡೆಯುವುದು. ಅಲೆಯು ಗಿಡ್ಡವಾದರೆ ಕನ್ನಡಿಯಂತೆ ನಯವಾಗಿರಬೇಕು. ಖರ್ಚಿನ ಗುಟ್ಟಿನಲ್ಲಿ ಅರ್ಧ ಭಾಗ ಇಲ್ಲಿಯೇ ಅಡಗಿರುವುದು.

ಇದನ್ನು ನಮ್ಮ ದೇಶದವರು ಎಷ್ಟು ಜಾಣತನದಿಂದ ಬಳಸಿಕೊಂಡರೆಂಬುದಕ್ಕೆ ೧೯೭೫ನೆಯ ಇಸವಿಯ ಕಥೆಯೇ ಸಾಕ್ಷಿ. ಆ ವರ್ಷದ ಆಗಸ್ಟ್ ೧ರಿಂದ ಮರುವರ್ಷ ಜುಲೈ ೩೧ರ ವರೆಗೆ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಶಿಕ್ಷಣ ಕೊಡುವ ಪ್ರಯೋಗವೊಂದು ಭಾರತದಲ್ಲಿ ನಡೆಯಿತು. ‘ಸೈಟ್’ ಎಂಬುದು ಅದರ ಸಂಕ್ಷಿಪ್ತ ನಾಮ. ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳು ಅದರಲ್ಲಿ ಸೇರಿದ್ದುವು. ನಮ್ಮ ಕರ್ನಾಟಕದ ಪಾಲಿಗೆ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಬಂದುವು. ದಿನಕ್ಕೆ ನಾಲ್ಕು ಗಂಟೆಗಳ ಕಾರ್ಯಕ್ರಮ. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರ ಜನರಿಗೆ. ಈ ಎಲ್ಲದರ ಹಿಂದಿದ್ದ ಸಂಕಲ್ಪವು ವಿಕ್ರಮ್ ಸಾರಾಭಾಯಿಯವರದು. ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾದುದು ೧೯೬೯ರಲ್ಲಿ. ಫಲವನ್ನು ನೋಡದೆಯೇ ಅವರು ೧೯೭೧ರ ಡಿಸೆಂಬರಿನಲ್ಲಿ ತೀರಿಕೊಂಡರು.

ಉಪಗ್ರಹವು ನಾಸಾದವರ ಎ.ಟಿ.ಎಸ್.-೬. ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ, ನಮಗೆ ಅಲುಗದೆ ನಿಂತಂತೆ ಕಾಣುವ ಕಕ್ಷೆಯಲ್ಲಿ ಅದು ಇದ್ದಿತು. ಅಲ್ಲಿಂದ ಚಿತ್ರವನ್ನು ಕಳುಹಿಸುತ್ತಿದ್ದ ಯಂತ್ರದ ಶಕ್ತಿ ಎಷ್ಟೆಂದು ಬಲ್ಲಿರಾ? ಸುಮಾರು ೮೦ ವಾಟ್. ನಮ್ಮ ನಡುಮನೆಯ ಫ್ಯಾನು ತಿರುಗಲು ಬೇಕಾಗುವಷ್ಟು! ಇಷ್ಟು ಅಲ್ಪ ಶಕ್ತಿಯಿಂದ ಕಾರ್ಯ ಸಾಧ್ಯವಾದುದಕ್ಕೆ ಮುಖ್ಯ ಕಾರಣ, ಉಪಗ್ರಹವು ತಾನೇ ೯ ಮೀಟರಿಗೂ ಮಿಕ್ಕ ಅಗಲದ ಆಂಟೆನಾವನ್ನು ಕೊಡೆಯಂತೆ ಮಡಿಚಿಕೊಂಡು ಹೋಗಿ ಅಂತರಿಕ್ಷದಲ್ಲಿ ಬಿಚ್ಚಿದುದು. ಅದು ಶಕ್ತಿಯನ್ನು ದಿಕ್ಕುದಿಕ್ಕಿಗೆ ಚೆಲ್ಲದೆ ಭಾರತದ ಕಡೆಗೇ ಒಟ್ಟುಗೂಡಿಸಿ ಸುರಿಯುತ್ತಿದ್ದಿತು.

ಕೆಳಗೆ ಹಳ್ಳಿಯಲ್ಲಿ ಇದ್ದುದೇನು? ಹತ್ತು ಅಡಿ, ಎಂದರೆ ಸುಮಾರು ೩ ಮೀಟರ್ ಅಗಲದ ಒಂದು ಚೌಕಟ್ಟು. ಅದರ ಮೇಲೆ ಕೋಳಿಗೂಡಿಗೆ ಹೊದಿಸುವ ತಂತಿಬಲೆ! ಕೆಲವರು ಇದನ್ನು ಕೇಳಿ ನಗುವುದುಂಟು. ನಗಬೇಕಾದುದಿಲ್ಲ. ಆ ಪ್ರಸಾರವು ೮೬೦ ಮೆಗಾಹರ್ಟ್ಸ್‌ನಲ್ಲಿ ನಡೆಯಿತು. ಅಲೆಯ ಉದ್ದ ಸುಮಾರು ೩೫ ಸೆಂಟಿಮೀಟರ್. ಅಷ್ಟು ಉದ್ದದ ಅಲೆಗೆ ಬೆರಳು ತೂರುವ ರಂಧ್ರವು ರಂಧ್ರವೇ ಅಲ್ಲ. ತಂತಿಬಲೆಯು ಅದರ ಪಾಲಿಗೆ ಹೆಚ್ಚುಕಡಮೆ ಲೋಹದ ಗೋಡೆ. ಬಾಗಿನಲ್ಲಿ ಎರಡು ಸೆಂಟಿಮೀಟರಿನಷ್ಟು ಹೆಚ್ಚುಕಡಮೆ ಆದರೂ ಬಾಧಕವಿಲ್ಲ. ಗಾಳಿಯು ಬಲೆಯ ಕಣ್ಣುಗಳಲ್ಲಿ ನುಸುಳಿ ಹೋಗುವ ಕಾರಣ ಕಂಬವೂ ಅಡಿಪಾಯವೂ ಹಗುರವಾಗಿದ್ದರೆ ಸಾಕು. ಸಾಗಿಸುವ ಕೂಲಿಯೂ ಕಡಮೆ.

ಇನ್ನೊಂದು ಉಪಕಾರವುಂಟು. ಆ ತಟ್ಟೆಯ ನೋಟದ ಅಗಲ ಸುಮಾರು ೮ ಡಿಗ್ರಿ. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದು ಆಕಾಶದಲ್ಲಿ ಸುಮಾರು ೧೦ ಡಿಗ್ರಿಯನ್ನು ಮರೆಮಾಡುವುದು. ಅದಕ್ಕಿಂತ ತುಸು ಕಿರಿದು. ಆದಕಾರಣ ಒಮ್ಮೆ ದಿಕ್ಕು ನೋಡಿ ಬಿಗಿದರೆ ಮುಗಿಯಿತು. ಉಪಗ್ರಹವನ್ನು ಹಿಂಬಾಲಿಸಿ ತಿರುಗಿಸುವ ಯಂತ್ರವು ಬೇಡವೇ ಬೇಡ. ಅರ್ಧಮಾತ್ರೆಯನ್ನು ಉಳಿಸಿದರೆ ಪುತ್ರೋತ್ಸವದಷ್ಟು ಹಿಗ್ಗುವರೆಂದು ವೈಯಾಕರಣರನ್ನು ಕುರಿತು ಹೇಳುವರಷ್ಟೆ. ಈ ಇಂಜಿನಿಯರರ ಲಾಘವವನ್ನು ಕಂಡರೆ ಆ ವೈಯಾಕರಣರೂ ತಲೆದೂಗುತ್ತಿದ್ದರು. ಒಂದೊಂದು ಹಳ್ಳಿಯಲ್ಲಿ ೧೦೦ ರೂಪಾಯಿ ಉಳಿದರೂ ೨,೪೦೦ ಹಳ್ಳಿಗಳಿಗೆ ೨,೪೦,೦೦೦ ರೂಪಾಯಿ. ಮೇಲಿನದು ಒಂದೇ, ಕೆಳಗಿನವು ಸಾವಿರಾರು. ವ್ಯಯವನ್ನು ಒಂದಿರುವ ಕಡೆ ಮಾಡಿ, ಹಲವಿರುವ ಕಡೆ ಉಳಿಸುವುದು ಇಲ್ಲಿಯ ನೀತಿ.

ಹಾಗೆಂದು ಎಲ್ಲವನ್ನೂ ಅಗ್ಗವಾಗಿ ಮಾಡಿದರೆಂದು ತಿಳಿಯಬಾರದು. ನೆಲ, ಗೋಡೆ, ನಮ್ಮ ದೇಹ ಕೂಡ ತಮ್ಮ ಉಷ್ಣದಿಂದಲೇ ಸೂಕ್ಷ್ಮವಾದ ರೇಡಿಯೋ ಗದ್ದಲವನ್ನು ಸೂಸುತ್ತಿರುವುವು. ಉಪಗ್ರಹದ ಕ್ಷೀಣವಾದ ಧ್ವನಿಯು ಈ ಗದ್ದಲದಲ್ಲಿ ಮುಳುಗದಂತೆ ಎತ್ತಿ ಹಿಡಿಯಬೇಕು. ವರ್ಧಕ ಯಂತ್ರವು ಮಾತನ್ನು ಹೆಚ್ಚಿಸುವಂತೆ ಗದ್ದಲವನ್ನೂ ಹೆಚ್ಚಿಸುವುದು. ತನ್ನದೊಂದು ಪಾಲನ್ನೂ ಸೇರಿಸುವುದು. ಉದ್ದವಾದ ಕೇಬಲ್ಲಿನಲ್ಲಿ ಹರಿದರಂತೂ ಮಾತು ಸೊರಗಿ ಗದ್ದಲವೇ ಉಳಿಯುವುದು. ಹಾಲು ಕರೆಯುವ ಚೊಂಬಿನಲ್ಲಿ ಹುಳಿಯ ಸೋಂಕಿದ್ದರೆ ಆಮೇಲಿನ ಪಾತ್ರೆಗಳನ್ನು ಎಷ್ಟು ಬೆಳಗಿದರೇನು ಫಲ? ಆದ್ದರಿಂದ ಮೊದಲನೆಯ ವರ್ಧಕವನ್ನು ಕೋಣೆಯಲ್ಲಿಡದೆ ತಟ್ಟೆಯ ಬಳಿಯಲ್ಲಿಯೇ ಇಡುವರು, ಅದನ್ನು ಸಾಧ್ಯವಾದಷ್ಟು ನಿಶ್ಶಬ್ದವಾಗಿ ಮಾಡುವರು. ಒಟ್ಟು ಗದ್ದಲವನ್ನು ಅರ್ಧಕ್ಕಿಳಿಸುವುದೂ ತಟ್ಟೆಯ ವಿಸ್ತೀರ್ಣವನ್ನು ಇಮ್ಮಡಿ ಮಾಡುವುದೂ ಫಲದಲ್ಲಿ ಸಮ. ತಟ್ಟೆಯನ್ನು ಹಿಗ್ಗಿಸುತ್ತ ಹೋದರೆ ತೂಕ, ಗಾಳಿಯ ಹೊಡೆತ, ಕಂಬ, ಅಡಿಪಾಯ ಎಲ್ಲವೂ ಹಿಗ್ಗುವುವು. ಅಂಗೈಯಗಲದ ಪೆಟ್ಟಿಗೆಗೆ ನಾಲ್ಕು ಕಾಸು ಹೆಚ್ಚು ಕೊಡುವುದೇ ಎಷ್ಟೋ ವೇಳೆ ಮಿತವ್ಯಯ.

ಇನ್ನು ಬ್ಯಾಲಾಳಿನ ಮಾತು. ಅಲ್ಲಿ ೧೮ ಮೀಟರಿನ ಒಂದು, ೩೨ ಮೀಟರಿನ ಒಂದು ಆಂಟೆನಾಗಳನ್ನು ಚಂದ್ರಯಾನದ ನಿಮಿತ್ತವಾಗಿ ನಿಲ್ಲಿಸಿದರು. ಮೊದಲ ಚಂದ್ರಯಾನವು ೨೦೦೮ರ ಅಕ್ಟೋಬರ್ ೨೨ರಂದು ಹೊರಟಿತು. ಇಲ್ಲಿ ನೀತಿಯು ತಲೆಕೆಳಗು. ಚಂದ್ರನು ದೂರದರ್ಶನದ ಉಪಗ್ರಹಗಳಿಗಿಂತ ಸುಮಾರು ಹತ್ತು ಪಟ್ಟು ದೂರ. ದೂರ ಹತ್ತು ಪಟ್ಟಾದರೆ ಬಂದು ತಲುಪುವ ಬಲ ನೂರನೆಯ ಒಂದು ಪಾಲು. ನೌಕೆಗೆ ದೊಡ್ಡ ಆಂಟೆನಾವನ್ನು ಹೊರಿಸೋಣವೆಂದರೆ ಅಲ್ಲಿಗೆ ಒಯ್ಯುವ ಒಂದೊಂದು ಕಿಲೋಗ್ರಾಮಿಗೂ ಮಹಾ ವೆಚ್ಚ. ಕೇಳುವ ಕಿವಿಯಾದರೋ ಎರಡೇ ಸಾಕು. ಆದಕಾರಣ ಮೇಲೆ ಉಳಿಸಿ ಕೆಳಗೆ ಸುರಿಯಬೇಕಾಯಿತು. ಗಿಡ್ಡ ಅಲೆಗಳನ್ನು ಹಿಡಿಯುವಾಗ ೩೨ ಮೀಟರಿನ ಆ ತಟ್ಟೆಯ ನೋಟವು ಹುಣ್ಣಿಮೆಯ ಚಂದ್ರಬಿಂಬದ ಆರನೆಯ ಒಂದು ಪಾಲಿನಷ್ಟೇ ಅಗಲ. ಅಷ್ಟು ಕರಾರುವಾಕ್ಕಾಗಿ ತಿರುಗಲು ಗಾಲಿ, ಹಳಿ, ಮೋಟಾರುಗಳೆಲ್ಲ ಬೇಕು. ಸೋದರಿಯವರು ದುಂದೆಂದು ಶಂಕಿಸಿದುದು ದುಂದಲ್ಲ. ಅಡಿಗೆಯವಳು ಮದುವೆಗೆ ಕೊಪ್ಪರಿಗೆಯನ್ನೂ ಮನೆಗೆ ಚರಿಗೆಯನ್ನೂ ಇಡುವಂತೆಯೇ ಇದು.

ಆದರೆ ಲೆಕ್ಕದ ಪುಸ್ತಕದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಬಾಬು ಒಂದುಂಟು. ಅದು ಪಾಲನೆಯ ವೆಚ್ಚ. ನಾವು ಸೇವೆಯಲ್ಲಿದ್ದ ಶಾಲೆಯೊಂದರ ಮೇಲೆ ಪಾಠಗಳಿಗಾಗಿ ತಟ್ಟೆಯನ್ನು ನಿಲ್ಲಿಸಿದ್ದರು. ಮೊದಲ ವರ್ಷ ಚೆನ್ನಾಗಿ ನಡೆಯಿತು. ಎರಡನೆಯ ಮಳೆಗಾಲದಲ್ಲಿ ಕೇಬಲ್ಲಿನ ಸಂದಿನಲ್ಲಿ ನೀರಿಳಿದು ಚಿತ್ರ ನಿಂತಿತು. ಅಲ್ಲಿಗೆ ಬೇಕಾಗಿದ್ದುದು ಒಂದು ಸುತ್ತು ರಬ್ಬರ್ ಪಟ್ಟಿ. ಕೊಂಡುಕೊಳ್ಳಲು ಸಾವಿರಾರು ರೂಪಾಯಿ ಮಂಜೂರಾಗಿದ್ದಿತು. ರಬ್ಬರ್ ಪಟ್ಟಿಗೆ ಹತ್ತು ರೂಪಾಯಿಯ ಬಾಬು ಎಲ್ಲಿಯೂ ಇರಲಿಲ್ಲ. ಮಕ್ಕಳು ಕೆಲವು ದಿನ ಕಪ್ಪು ಪರದೆಯನ್ನು ನೋಡಿ, ಆಮೇಲೆ ನೋಡುವುದನ್ನು ಬಿಟ್ಟರು. ಸೈಟ್ ಪ್ರಯೋಗದವರು ಇದನ್ನು ಮೊದಲೇ ಊಹಿಸಿ ದುರಸ್ತಿಯ ಕೇಂದ್ರಗಳನ್ನೂ ಏರ್ಪಡಿಸಿದ್ದರೆಂಬುದು ತಂತಿಬಲೆಗಿಂತಲೂ ಹೆಚ್ಚಾಗಿ ನಮ್ಮ ಮೆಚ್ಚಿಕೆಗೆ ಪಾತ್ರವಾಗಿರುವ ಸಂಗತಿ. ಎರವಲು ತಂದ ಉಪಗ್ರಹವು ಒಂದೇ ವರ್ಷಕ್ಕೆ ಹಿಂದಿರುಗಿ ಹೋದುದು ಮಾತ್ರ ಹಳ್ಳಿಗರಿಗೆ ಸಂಕಟವನ್ನೇ ತಂದಿತು. ಆ ಕೊರತೆಯನ್ನು ತುಸು ತುಂಬಲು ೧೯೭೭ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವನ್ನು ತೆರೆದರು; ನಮ್ಮದೇ ಇನ್‌ಸ್ಯಾಟ್-೧ಬಿ ಮೇಲೇರಿದುದು ೧೯೮೩ರಲ್ಲಿ.

ಸೋದರಿಯವರ ಮಾಳಿಗೆಯ ತಟ್ಟೆಗೆ ಬರೋಣ. ಇಂದಿನ ಮನೆಗಳಿಗೆ ಬರುವ ಅಲೆ ಸುಮಾರು ಎರಡೂವರೆ ಸೆಂಟಿಮೀಟರಿನದು. ಉಪಗ್ರಹಗಳ ಶಕ್ತಿಯೂ ವರ್ಧಕಗಳ ನಿಶ್ಶಬ್ದತೆಯೂ ಹೆಚ್ಚಿರುವ ಕಾರಣ ೬೦ ಸೆಂಟಿಮೀಟರ್ ಸಾಕಾಗಿರುವುದು, ಮೋಸವೇನೂ ಇಲ್ಲ. ಆದರೆ ಇಷ್ಟು ಗಿಡ್ಡ ಅಲೆಗೆ ಕೋಳಿಗೂಡಿನ ಬಲೆ ಒದಗದು, ತಗಡೇ ಬೇಕು. ಜಡಿಮಳೆಯಲ್ಲಿ ಹನಿಗಳು ಈ ಅಲೆಗಳನ್ನು ಹೀರಿಯೂ ಚದರಿಸಿಯೂ ಬಿಡುವ ಕಾರಣ ಚಿತ್ರವು ನಿಲ್ಲುವುದು. ಮಳೆ ಬಿಟ್ಟ ಕೂಡಲೆ ತಾನಾಗಿ ಬರುವುದರಿಂದ ಆ ಹೊತ್ತಿನಲ್ಲಿ ಯಾರೂ ಮಾಳಿಗೆ ಹತ್ತಬೇಕಾಗಿಲ್ಲ. ಮಳೆ ಬಿಟ್ಟ ಮೇಲೂ ಚಿತ್ರ ಬಾರದಿದ್ದರೆ ಕೇಬಲ್ಲಿನ ಸಂದನ್ನೂ ಕಾಲಿನ ಬೋಲ್ಟುಗಳನ್ನೂ ನೋಡಿಸಿರಿ. ಈ ತಟ್ಟೆಯ ನೋಟ ಸುಮಾರು ಮೂರು ಡಿಗ್ರಿ ಮಾತ್ರ. ಅದರ ಅಂಚು ಒಂದೂವರೆ ಸೆಂಟಿಮೀಟರಿನಷ್ಟು ವಾಲಿದರೂ ಬಂದ ಬಲದಲ್ಲಿ ಅರ್ಧ ನಷ್ಟವಾಗುವುದು. ಬಟ್ಟೆ ಒಣಹಾಕುವ ಹಗ್ಗವನ್ನು ದಯವಿಟ್ಟು ಬೇರೊಂದು ಕಂಬಕ್ಕೆ ಕಟ್ಟಿರಿ.